ನಮ್ಮ ಮನಿಯ ಕಳ್ಳನನ್ನು ಹುಡುಕುತ್ತಾ

ಪೋಸ್ಟ್ ಉದ್ದ ಐತಿ, ಪುರಸೊತ್ತು ಇದ್ದಾಗ ಓದ್ರಿ.

ಇದನ್ನು ಬರೆಯುತ್ತೇನೆ ಅಂತ ಹೇಳಿದಾಗ ನಮ್ಮ ಅತ್ತಿ (ಅಪ್ಪನ ತಂಗಿ) ಸಿಟ್ಟಾದಳು. "ಮನ್ಯಾಗ ಒಬ್ಬ ಕಳ್ಳ ಇದ್ದ ಅಂತ ಊರಿಗೆಲ್ಲಾ ಡಂಗುರ ಸಾರಾವ ಇದ್ದಿಯೇನೋ? ಮೊದಲ ಮಂದಿ ನಮ್ಮನ್ನ ಹೆಂಗ ನೋಡ್ತಾರ ಗೊತ್ತಿಲ್ಲೇನು?" ಅಂದಳು. ಗೊತ್ತೈತಿ. ಗೊತ್ತಿರೋದಕ್ಕೇ ಬರೀತಿದ್ದೀನಿ.

ನಮ್ಮ ಮೂಲ ಖಾನಾಪುರ ತಾಲೂಕಿನ ಒಂದು ಸಣ್ಣ ಹಳ್ಳಿ, ಮಲಪ್ರಭೆಯ ದಂಡಿ. ಮುತ್ಯಾ ಕೂಲಿಗಾಗಿ ಬೆಳಗಾವಿಗೆ ಬಂದ, ಅಪ್ಪ ಇಲ್ಲೇ ಶಾಲೆ ಕಲಿತ, ನಾನು ಬಿ.ಎ. ಮುಗಿಸಿ ಕಚೇರಿಯಲ್ಲಿ ಗುಮಾಸ್ತ ಆದೆ. ನಾನು ಸಣ್ಣವನಿದ್ದಾಗ ಆಯಿ ಇನ್ನೂ ಇದ್ದಳು. ಪ್ರತಿ ವರ್ಷ ಮಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಒಂದು ಎಡೆ ಹೆಚ್ಚಿಗೆ ಇಡುತ್ತಿದ್ದಳು. ಉಳಿದವು ಗೋಡೆಯ ಕಡೆ ಸಾಲಾಗಿ ಇದ್ದರೆ ಇದೊಂದು ಮಾತ್ರ ಬಾಗಿಲ ಕಡೆ, ಹೊಸ್ತಿಲ ಹತ್ತಿರ. ಯಾರದು ಅಂತ ಕೇಳಿದರೆ "ನೀರಾಚೆ ಹೋದಾವಂದು" ಅಂತಿದ್ದಳು. ಸತ್ತನೋ ಬದುಕಿದನೋ ಗೊತ್ತಿಲ್ಲದವನನ್ನು ಹಿರಿಯರ ಸಾಲಿನಲ್ಲಿ ಕೂಡಿಸೋಕೆ ಬರೋದಿಲ್ಲ, ಬಂದರೆ ಬಾಗಿಲಲ್ಲೇ ಉಣ್ಣಲಿ ಅಂತ.

ಅಂವ ಅಂದರೆ ನನ್ನ ಮುತ್ಯಾನ ಮುತ್ಯಾನ ತಮ್ಮ. ಆಯಿ ಹೇಳಿದ ಕತಿ ಇಷ್ಟೇ: ಅವನಿಗೆ ಇನ್ನೂ ಮೀಸಿ ಮೂಡಿರಲಿಲ್ಲ. ದೊಡ್ಡ ಬರ ಇತ್ತು. ಕಣದೊಳಗಿನ ಭತ್ತ ಕದ್ದ. ಬೆನ್ನ ಮ್ಯಾಲೆ ಮೊದಲೇ ಒಮ್ಮೆ ಹೊಡೆಸಿಕೊಂಡ ಬಾಸುಂಡೆ ಇದ್ದವು. ಎರಡನೇ ಸಲ ಹಿಡಿದಾಗ ಬೆಳಗಾವಿಗೆ ಒಯ್ದರು, ಅಲ್ಲಿಂದ ಕಾಳೇಪಾಣಿಗೆ ಕಳಿಸಿದರು. ತಿರುಗಿ ಬರಲಿಲ್ಲ. ಹೆಸರು? ಆಯಿಗೂ ಗೊತ್ತಿರಲಿಲ್ಲ. ಹೆಸರು ಹೇಳಬಾರದು ಅಂತ ಯಾರೋ ಹಿರಿಯರು ಕಟ್ಟು ಹಾಕಿದ್ದರಂತೆ, ಹಂಗೇ ಮರೆತು ಹೋಯ್ತು.

ಅಪ್ಪ ಬಾಬಾಸಾಹೇಬರ ದಾರಿ ಹಿಡಿದ ಮೇಲೆ ಮನೆಯಲ್ಲಿ ಎಡೆ ಹಿಡಿಯೋದು ನಿಂತಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಡೆಯ ಜೊತೆ ಆ ಹುಡುಗನ ಕತಿಯೂ ನಿಂತಿತು. ನಾನು ಒಮ್ಮೆ ಕೇಳಿದಾಗ ಅಪ್ಪ, "ಅದೆಲ್ಲಾ ಸುಳ್ಳು, ಹಂಗ ಯಾರೂ ಇರಲಿಲ್ಲ" ಅಂದು ಮುಖ ತಿರುಗಿಸಿದ. ಯಾಕೆ ಅಂತ ಬಹಳ ವರ್ಷ ತಿಳಿಯಲಿಲ್ಲ. ತಿಳಿದದ್ದು ನನ್ನದೇ ಒಂದು ಪ್ರಸಂಗ ನೆನಪಾದಾಗ. ಆರನೇ ಇಯತ್ತೆಯಲ್ಲಿ ಒಬ್ಬ ಹುಡುಗನ ಕಂಪಾಸ್ ಪೆಟ್ಟಿಗೆ ಕಳೆಯಿತು. ಮಾಸ್ತರು ಏನೂ ಕೇಳಲಿಲ್ಲ, ನೇರವಾಗಿ ನಮ್ಮ ಕೇರಿಯ ಮೂವರನ್ನು ಎಬ್ಬಿಸಿ ನಿಲ್ಲಿಸಿದರು, ಚೀಲ ಕೊಡವಿಸಿದರು. ಪೆಟ್ಟಿಗೆ ಮಧ್ಯಾಹ್ನ ಆ ಹುಡುಗನ ಮನೆಯಲ್ಲೇ ಸಿಕ್ಕಿತು. ನಮ್ಮನ್ನು ಕೂಡ್ರಿ ಅನ್ನೋಕೆ ಮಾತ್ರ ಮಾಸ್ತರಿಗೆ ನೆನಪಾಗಲಿಲ್ಲ. ಕೊನೇ ಗಂಟೆವರೆಗೂ ನಿಂತಿದ್ದೆವು. ಮನೆಗೆ ಬಂದು ಹೇಳಿದಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಇಂಥ ಮನೆಯಲ್ಲಿ ನಿಜವಾಗಿಯೂ ಒಬ್ಬ ಕಳ್ಳ ಇದ್ದ ಅಂತ ಯಾರು ಒಪ್ಪಿಕೊಳ್ತಾರೆ?

ಈಗ ಇತಿಹಾಸಕ್ಕೆ ಬರೋಣ.

ತಲೆಮಾರು ಲೆಕ್ಕ ಹಾಕಿದರೆ ಆಯಿ ಹೇಳಿದ "ದೊಡ್ಡ ಬರ" 1876-78ರದ್ದೇ ಆಗಬೇಕು, ಧಾತು ಸಂವತ್ಸರದ ಬರ. ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ಜಿಲ್ಲೆಯ ಪೂರ್ವದ ಬಯಲುಸೀಮೆ ಸುಟ್ಟು ಹೋಯ್ತು. ಮಳೆ ಹೆಚ್ಚು ಬೀಳುವ ಖಾನಾಪುರದ ಕಡೆ ಅಷ್ಟು ಹಾಳಾಗದಿದ್ದರೂ ಕಾಳಿನ ಧಾರಣಿ ಎಲ್ಲಾ ಕಡೆ ಏರಿತು. ಹೊಲ ಇದ್ದವರು ಕಾಳು ಹಗೇವಿನಲ್ಲಿ ಇಟ್ಟರು, ಇಲ್ಲದವರು ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದರು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನೋ ಸಾಹೇಬ ಆ ಕಾಮಗಾರಿಯ ಕೂಲಿಯನ್ನೂ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕೇಜಿಗೂ ಕಡಿಮೆ, ಅದರ ಮೇಲೆ ಚಿಲ್ಲರೆ ಕಾಸು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಗಳು ಇದನ್ನು ವಿರೋಧಿಸಿ ಕಾಮಗಾರಿ ಬಿಟ್ಟು ಎದ್ದು ಹೋದರು. ಹಸಿವಿನಲ್ಲಿ ಮಾಡಿದ ಮುಷ್ಕರ ಅದು, ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲು ಇಲ್ಲ.

ಕಣದ ವಿಷಯ ಊರಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಸಿಟಿಯ ಗೆಳೆಯರಿಗಾಗಿ ಹೇಳ್ತೀನಿ. ಸತ್ತ ದನ ಎಳೆಯೋದು, ಊರ ಗಡಿ ತೋರಿಸೋದು, ಸರ್ಕಾರದ ಟಪಾಲು ಒಯ್ಯೋದು, ಸಾವಿನ ಸುದ್ದಿ ಹೇಳೋದು, ಇದಕ್ಕೆಲ್ಲ ನಮ್ಮವರಿಗೆ ರೊಕ್ಕದ ಪಗಾರ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಆಯದ ಕಾಳು ಅಂತ ಮೊರದಲ್ಲಿ ಹಾಕ್ತಿದ್ದರು, ಕಡೆಗೆ ಉಳಿದ ಮಣ್ಣು ಮಿಶ್ರಿತ ಕಾಳನ್ನು ಗುಡಿಸಿಕೊಂಡು ಬರ್ತಿದ್ದರು. ಬರಗಾಲದ ವರ್ಷ ಮೊದಲು ನಿಲ್ಲೋದೇ ಈ ಆಯ. ದುಡಿತ ಮಾತ್ರ ನಿಲ್ಲೋದಿಲ್ಲ. ಹಂಗಾಗಿ ಆ ಹುಡುಗ ಕಣದೊಳಗಿಂದ ತಂದದ್ದು ಕಳವೋ, ವರ್ಷದ ಬಾಕಿಯೋ ಅಂತ ನಾನು ಕೇಳ್ತೀನಿ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದದ್ದು ಇದೇ ಬಾಕಿಯ ಸಲುವಾಗಿ. ಇಪ್ಪತ್ನಾಲ್ಕು ತಾಸಿನ ಚಾಕರಿ, ಕೂಲಿ ಮಾತ್ರ ಊರವರ ಮರ್ಜಿ, ಅದು ಹೋಗಬೇಕು ಅಂತ.

ಒಂದು ಸೆರಗು ಭತ್ತಕ್ಕೆ ಸಮುದ್ರದಾಚೆ ಕಳಿಸ್ತಾರೇನು? ಮೊದಲು ನನಗೂ ನಂಬಿಕೆ ಇರಲಿಲ್ಲ. ಆಯಿ ಕತಿ ಬೆಳೆಸಿರಬೇಕು ಅಂದುಕೊಂಡಿದ್ದೆ. ಆಮೇಲೆ ಹಳೇ ದಂಡ ಸಂಹಿತೆ ತೆಗೆದು ಓದಿದೆ. 1860ರಲ್ಲಿ ಆದ ಭಾರತೀಯ ದಂಡ ಸಂಹಿತೆಯಲ್ಲಿ ಕಳವಿಗೆ 379ನೇ ಕಲಂ, ಮೂರು ವರ್ಷದವರೆಗೆ ಜೈಲು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ಪುಸ್ತಕದಲ್ಲಿ ಹಿಂದೆ 75ನೇ ಕಲಂ ಅಂತ ಒಂದು ಐತಿ. ಮೂರು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆಸ್ತಿ ಅಪರಾಧದಲ್ಲಿ ಒಮ್ಮೆ ಶಿಕ್ಷೆ ಆದವನು ಮತ್ತೆ ಅಂಥದ್ದೇ ಅಪರಾಧ ಮಾಡಿದರೆ ಅವನನ್ನು ಜೀವಾವಧಿ ಕರಿನೀರಿಗೆ ಕಳಿಸಬಹುದು. ಕದ್ದ ವಸ್ತು ಎಷ್ಟು ಬೆಲೆಯದು ಅಂತ ಆ ಕಲಂ ಕೇಳೋದಿಲ್ಲ, ಎಷ್ಟನೇ ಸಲ ಅಂತ ಕೇಳ್ತದೆ. ಇದರ ಜೊತೆಗೆ 1864ರ ಛಡಿ ಏಟಿನ ಕಾಯ್ದೆ. ಕಳವಿಗೆ ಜೈಲಿನ ಬದಲು ಛಡಿ ಹೊಡೆಸಬಹುದು ಅಂತ. ಹುಡುಗರಿಗೆ ಇದೇ ಹೆಚ್ಚು.

ಆಗ ಆಯಿ ಹೇಳಿದ ಬಾಸುಂಡೆ ನೆನಪಾಯ್ತು. ಅದು ಗೌಡನ ಮನೆ ಮುಂದಿನ ಹೊಡೆತ ಅಂತ ನಾನು ತಿಳಿದಿದ್ದೆ. ಇರಲಿಕ್ಕಿಲ್ಲ. ಅದು ಮೊದಲನೇ ಶಿಕ್ಷೆ. ಬೆನ್ನ ಮೇಲೆ ಬರೆದ ದಾಖಲೆ. ಎರಡನೇ ಸಲ ಹಿಡಿದಾಗ ಆ ಬೆನ್ನೇ ಅವನಿಗೆ ಸಾಕ್ಷಿಯಾಯ್ತು. ಓದು ಬರಹ ಇಲ್ಲದ ನಮ್ಮಾಯಿ ನೂರು ವರ್ಷ ಹಿಂದಿನ ಎರಡು ಕಾಯ್ದೆಯನ್ನು ಕೂಡಿಸಿ ಒಂದೇ ಮಾತಿನಲ್ಲಿ ನೆನಪಿಟ್ಟಿದ್ದಳು, ಬಿ.ಎ. ಓದಿದ ನಾನು ಅದನ್ನು ಕಟ್ಟುಕತೆ ಅಂದುಕೊಂಡಿದ್ದೆ.

ಇನ್ನೊಂದು ದಾರಿಯೂ ಇತ್ತು. 391ನೇ ಕಲಂ ಪ್ರಕಾರ ಐದು ಅಥವಾ ಹೆಚ್ಚು ಮಂದಿ ಸೇರಿ ಹೆದರಿಸಿ ಕಸಿದರೆ ಅದು ದರೋಡೆ, ಅದಕ್ಕೆ 395ರಲ್ಲಿ ನೇರವಾಗಿ ಜೀವಾವಧಿ ಕರಿನೀರು ಕೊಡಬಹುದಿತ್ತು. ಬರಗಾಲದಲ್ಲಿ ಐದು ಮಂದಿ ಹಸಿದವರು ಒಂದೇ ಕಣಕ್ಕೆ ಹೋಗೋದು, ಕೈಯಲ್ಲಿ ಒಂದು ಬಡಿಗೆ ಇರೋದು, ಕಾವಲಿನವ ಹೆದರೋದು, ಇಷ್ಟಾದರೆ ಸಾಕು. ಕಾಗದದಲ್ಲಿ ಡಕಾಯಿತರು!

ಖಾನಾಪುರ ಅಂದ ಮೇಲೆ ಕಾಡಿನ ಮಾತು ಬಿಡೋಕೆ ಆಗೋದಿಲ್ಲ. 1878ರಲ್ಲಿ ಅರಣ್ಯ ಕಾಯ್ದೆ ಬಂತು. ನಿನ್ನೆವರೆಗೆ ಉರುವಲು ತಂದ ಕಾಡು, ಬೆಳಗಾಗೋದರೊಳಗೆ ಸರ್ಕಾರದ್ದು. ಸೊಪ್ಪು, ಕಟ್ಟಿಗೆ, ಬಿದಿರು, ದನ ಮೇಯಿಸೋದು, ಎಲ್ಲಕ್ಕೂ ಪಾಸು, ದಂಡ. ಆ ಕಾಲದಲ್ಲಿ ನಮ್ಮ ಕಡೆ ಕಳ್ಳರು ಹೆಚ್ಚಾದರು ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಕಳವು ಅನ್ನೋ ಪಟ್ಟಿಗೆ ಆ ವರ್ಷ ಹೊಸದಾಗಿ ಏನೇನು ಸೇರಿಸಿದರು?

ಅಂಡಮಾನ್ ಶುರುವಾಗಿದ್ದು 1858ರ ಮಾರ್ಚಿನಲ್ಲಿ. ಸಿಪಾಯಿ ದಂಗೆಯ ಮರುವರ್ಷ ವಾಕರ್ ಅನ್ನೋ ಡಾಕ್ಟರ್ ಇನ್ನೂರು ಕೈದಿಗಳನ್ನು ಕರಕೊಂಡು ಪೋರ್ಟ್ ಬ್ಲೇರ್‌ಗೆ ಇಳಿದ. (ಈಗ ಆ ಊರಿಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟಾರೆ.) ಅದಕ್ಕೂ ಎಷ್ಟೋ ಮೊದಲು ಕಂಪನಿ ಸರ್ಕಾರ ನಮ್ಮ ಜನರನ್ನು ಸಮುದ್ರದಾಚೆ ಸಾಗಿಸ್ತಿತ್ತು. ಸುಮಾತ್ರಾದ ಬೆಂಕೂಲೆನ್, ಪೆನಾಂಗ್, ಮಲಕ್ಕಾ, ಸಿಂಗಾಪುರ. 1815ರಿಂದ 1837ರವರೆಗೆ ಮಾರಿಷಸ್‌ಗೆ ಬಂಗಾಲ ಮತ್ತು ಮುಂಬಯಿ ಪ್ರಾಂತಗಳಿಂದ ಹೋದವರು ಸುಮಾರು 1,500. ಮಾರಿಷಸ್ ಭಾರತೀಯರು ಅಂದರೆ ಎಲ್ಲರೂ ಕಬ್ಬಿನ ತೋಟದ ಗಿರ್ಮಿಟಿಯಾ ಕೂಲಿಗಳನ್ನೇ ನೆನೆಸ್ತಾರೆ, ಅವರಿಗಿಂತ ಮೊದಲೇ ಬಂದು ರಸ್ತೆ ಹಾಕಿದವರು ಬೇಡಿ ಹಾಕಿದ ನಮ್ಮ ಕೈದಿಗಳು. 1836ರಲ್ಲಿ ಚಾರ್ಲ್ಸ್ ಡಾರ್ವಿನ್ ಹಡಗಿನಲ್ಲಿ ಅಲ್ಲಿಗೆ ಹೋದಾಗ ಇವರನ್ನು ನೋಡಿ ಬೆರಗಾಗಿ ಬರೆದಿದ್ದಾನೆ: ಎಂಟುನೂರು ಮಂದಿ ಇದ್ದಾರೆ, ಎಂಥ ಗಂಭೀರ ರೂಪ, ಇವರಲ್ಲಿ ಕೆಲವರ ಅಪರಾಧವನ್ನು ಅಪರಾಧ ಅನ್ನೋಕೂ ಆಗದು ಅಂತ. ಕಳವಿನ ಜನ ಹೀಗೆ ಕಾಣ್ತಾರೆ ಅಂತ ಅವನು ಅಂದುಕೊಂಡಿರಲಿಲ್ಲ ಅಂತ ಕಾಣ್ತದೆ. ಸಿಂಗಾಪುರಕ್ಕೆ ಟೂರ್ ಹೋದವರು ಸೇಂಟ್ ಆಂಡ್ರ್ಯೂಸ್ ಚರ್ಚಿನ ಬೆಳ್ಳಗಿನ ಗೋಡೆ ಮುಂದೆ ಫೋಟೋ ತೆಗೆಸಿಕೊಂಡು ಹಾಕ್ತೀರಲ್ಲ, ಆ ಗೋಡೆ ಕಟ್ಟಿದವರು ಭಾರತದ ಕೈದಿಗಳು. ಸುಣ್ಣಕ್ಕೆ ಮೊಟ್ಟೆಯ ಬಿಳಿಲೋಳೆ, ಸಕ್ಕರೆ, ತೆಂಗಿನ ನಾರು ನೆನೆಸಿದ ನೀರು ಕಲಸಿ, ಉಜ್ಜಿ ಉಜ್ಜಿ ಹೊಳಪು ತಂದವರು. ಈಗ ಅಲ್ಲಿನ ರಾಷ್ಟ್ರಾಧ್ಯಕ್ಷರು ಇರುವ ಅರಮನೆಯೂ ಅವರದೇ ಕೈಕೆಲಸ, 1869ರದ್ದು.

ಮುಂಬಯಿ ಪ್ರಾಂತದಿಂದ ಕರಿನೀರಿಗೆ ಹೋಗುವವರನ್ನು ಕೂಡಿಹಾಕ್ತಿದ್ದದ್ದು ಠಾಣೆಯ ಕೋಟೆ ಜೈಲಿನಲ್ಲಿ. ಇವತ್ತಿಗೂ ಅದು ಜೈಲೇ. ನಮ್ಮ ಹುಡುಗ ಹೋಗೋ ಕಾಲಕ್ಕೆ ಬೆಳಗಾವಿಗೆ ರೈಲು ಬಂದಿರಲಿಲ್ಲ, ಅದು ಬಂದದ್ದು 1880ರ ದಶಕದಲ್ಲಿ. ಅಂದರೆ ಇಲ್ಲಿಂದ ಕಾಲ್ನಡಿಗೆ, ಇಲ್ಲಾ ಗಾಡಿ. ಅವನು ಅದಕ್ಕೂ ಮೊದಲು ಸಮುದ್ರ ನೋಡಿರಲಿಕ್ಕಿಲ್ಲ. ಮಲಪ್ರಭೆ ಹುಟ್ಟೋ ಕಣಕುಂಬಿಯ ಕಡೆ ಮಳೆಗಾಲದಲ್ಲಿ ನೋಡಿದ ನೀರೇ ಅವನಿಗೆ ದೊಡ್ಡ ನೀರು.

ಹಡಗಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಹೋದರು ಅಂತ ತಿಳೀಬೇಡ್ರಿ. 1839ರಲ್ಲಿ ಮುಂಬಯಿಯಿಂದ ಸಿಂಗಾಪುರಕ್ಕೆ ಹೊರಟ ವರ್ಜೀನಿಯಾ ಅನ್ನೋ ಹಡಗಿನಲ್ಲಿ ಕೈದಿಗಳು ತಿರುಗಿಬಿದ್ದು ಕ್ಯಾಪ್ಟನ್‌ನನ್ನೇ ಕೊಂದರು.

ಕರಿನೀರು ಅಂದರೆ ಸಾವಿಗಿಂತ ದೊಡ್ಡ ಹೆದರಿಕೆ ಅಂತ ಬ್ರಿಟಿಷರು ನಂಬಿದ್ದರು. ಸಮುದ್ರ ದಾಟಿದರೆ ಜಾತಿ ಹೋಗ್ತದೆ, ಹಿಂದೂಗಳಿಗೆ ಇದಕ್ಕಿಂತ ಶಿಕ್ಷೆ ಬೇರೆ ಇಲ್ಲ ಅಂತ. ಈ ಲೆಕ್ಕ ಓದಿದಾಗೆಲ್ಲ ನನಗೆ ಒಂದು ಥರ ನಗು ಬರ್ತದೆ. ನಮ್ಮ ಹುಡುಗನಿಗೆ ಹೋಗೋಕೆ ಯಾವ ಜಾತಿ ಇತ್ತು? ಅವನು ಕಳಕೊಂಡದ್ದು ಅವ್ವನನ್ನು, ಅಣ್ಣನನ್ನು. ಅದನ್ನು ಕಳಕೊಳ್ಳೋಕೆ ಯಾವ ಶಾಸ್ತ್ರವೂ ಬೇಕಾಗಿಲ್ಲ.

ಅಂಡಮಾನಿನಲ್ಲಿ ಕೈದಿಯ ಕೊರಳಿಗೆ ಒಂದು ಮರದ ಬಿಲ್ಲೆ ಹಾಕ್ತಿದ್ದರು. ಅದರ ಮೇಲೆ ಅವನ ನಂಬರು, ಯಾವ ಕಲಂ, ಶಿಕ್ಷೆ ಆದ ತಾರೀಖು, ಬಿಡುಗಡೆಯ ತಾರೀಖು. ಪೇಶ್ವೆಗಳ ಕಾಲದಲ್ಲಿ ಪುಣೆಯ ಬೀದಿಯಲ್ಲಿ ನಮ್ಮವರು ಕೊರಳಿಗೆ ಮಡಿಕೆ, ಸೊಂಟಕ್ಕೆ ಕಸಬರಿಗೆ ಕಟ್ಟಿಕೊಂಡು ನಡೀಬೇಕಿತ್ತು ಅಂತ ಬಾಬಾಸಾಹೇಬರು ಬರೆದದ್ದು ನಿಮಗೆಲ್ಲ ಗೊತ್ತು. 1818ರಲ್ಲಿ ಪೇಶ್ವಾಯಿ ಬಿತ್ತು, ಮಡಿಕೆ ಹೋಯ್ತು. ಅರವತ್ತು ವರ್ಷ ಆದ ಮೇಲೆ ಒಬ್ಬ ಹುಡುಗನ ಕೊರಳಿಗೆ ಮರದ ಬಿಲ್ಲೆ ಬಿತ್ತು. ಬ್ರಿಟಿಷರು ನಮಗೆ ಶಾಲೆ, ಪಲ್ಟನ್, ಕೋರ್ಟು ಕೊಟ್ಟರು ಅಂತ ನಾವು ಹೇಳ್ತೀವಿ, ಅದು ಖರೇ. ಇದೂ ಅವರದ್ದೇ. ಎರಡನ್ನೂ ಹೇಳೋಣ.

ಹುಡುಕಾಟದ ಕತಿ ಹೇಳ್ತೀನಿ. ಗುಮಾಸ್ತನಾಗಿ ನನಗೆ ಒಂದು ಗೊತ್ತು: ಯಾವ ಕಾಗದ ಖಾಯಂ, ಯಾವುದನ್ನು ಇಷ್ಟು ವರ್ಷಕ್ಕೆ ಸುಡಬಹುದು ಅಂತ ಫೈಲಿನ ಮೇಲೇ ಬರೆದಿರ್ತದೆ. ಭೂಮಿಯ ಕಾಗದ ಖಾಯಂ. ಒಬ್ಬ ಬಡವನ ಕಳವಿನ ಕೇಸು ಖಾಯಂ ಅಲ್ಲ. ಉತಾರ ಇದ್ದವರ ವಂಶ ಉತಾರದಲ್ಲಿ ಉಳೀತು. ಒಕ್ಕಲಿನವರ ಮನೆಗೆ ಹೆಳವರು ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು ಬಂದು ಏಳೆಂಟು ತಲೆಮಾರಿನ ಹೆಸರು ಹಾಡಿ ಹೇಳಿ ಜೋಳ ಇಸ್ಕೊಂಡು ಹೋಗ್ತಾರೆ. ನಮ್ಮ ಕೇರಿಗೆ ಯಾವ ಹೆಳವನೂ ಬರಲಿಲ್ಲ. ನಮಗೆ ಉಳಿದದ್ದು ಒಂದು ವತನದ ಕಾಗದ. ಊರ ಚಾಕರಿಗೆ ಬದಲಾಗಿ ಕೊಟ್ಟ ತುಂಡು ಭೂಮಿ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದಾಗ ಮುತ್ಯಾ ಮರುಮಂಜೂರಿಗೆ ಓಡಾಡಿದ್ದು. ಆ ಕಾಗದದಲ್ಲಿ ಅಣ್ಣನ ಸಂತಾನ ಐತಿ. ತಮ್ಮನ ಕೊಂಬೆ ಇಲ್ಲ. ಹುಟ್ಟೇ ಇಲ್ಲ ಅನ್ನೋ ಹಂಗೆ.

ಎರಡು ವರ್ಷದ ಹಿಂದೆ ಸಿ.ಎಲ್. ಹಾಕಿ ಮುಂಬಯಿಗೆ ಹೋದೆ. ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಐತಿ, ಹಳೇ ಮುಂಬಯಿ ಸರ್ಕಾರದ ನ್ಯಾಯಾಂಗ ಇಲಾಖೆಯ ದಪ್ಪ ದಪ್ಪ ಸಂಪುಟಗಳು ಅಲ್ಲಿವೆ. ಮೂರು ದಿನ ಕೂತೆ. ಕೈಬರಹದ ಇಂಗ್ಲಿಷು, ಹುಳ ತಿಂದ ಅಂಚು. ಕರಿನೀರಿಗೆ ಕಳಿಸಿದ ಕೈದಿಗಳ ಪಟ್ಟಿ ಅಂದರೆ ಒಂದು ದೊಡ್ಡ ತಖ್ತೆ. ಹೆಸರು, ತಂದೆ ಹೆಸರು, ವಯಸ್ಸು, ಎತ್ತರ, ಜಾತಿ, ಊರು, ಅಪರಾಧ, ಶಿಕ್ಷೆ, ಮೈಮೇಲಿನ ಗುರುತು. ನಾನು ಹದಿನೆಂಟು ವರ್ಷದಿಂದ ತಖ್ತೆ ತುಂಬೋ ಮನುಷ್ಯ, ಆದರೂ ಕೈ ನಡುಗಿತು. ಹಣೆಯ ಮೇಲೆ ಗಾಯದ ಕಲೆ, ಎಡಗೈ ಮೇಲೆ ಹಚ್ಚೆ, ಸಿಡುಬಿನ ಕಲೆ, ಬೆನ್ನ ಮೇಲೆ ಛಡಿ ಗುರುತು. ನಮ್ಮ ಜನರ ಮೈಯನ್ನು ಆ ಶತಮಾನದಲ್ಲಿ ಇಷ್ಟು ಹತ್ತಿರ ನಿಂತು ನೋಡಿ ಬರೆದವರು ಬೇರೆ ಯಾರೂ ಇಲ್ಲ. ಊರವರು ನೆರಳು ಬೀಳಬಾರದು ಅಂತಿದ್ದರು, ಜೈಲಿನ ಬರಹಗಾರ ಮಾತ್ರ ಮಚ್ಚೆ ಎಣಿಸಿ ಬರೆದ.

ಜಾತಿಯ ಕಾಲಂ ಮೇಲೆ ಬೆರಳು ಇಟ್ಟುಕೊಂಡು ಕೆಳಗೆ ಇಳಿಯುತ್ತಾ ಹೋದೆ. ಧೇಡ್, ಮಹಾರ್, ಮಾಂಗ್, ಪರವಾರಿ. ಇವರೇ ನಮ್ಮವರು. ಆ ಶಬ್ದ ಯಾರಾದರೂ ಇವತ್ತು ನನಗೆ ಅಂದರೆ ಅಟ್ರಾಸಿಟಿ ಕೇಸ್ ಹಾಕ್ತೀನಿ, ಅವತ್ತು ಮಾತ್ರ ಅದೇ ಶಬ್ದ ಕಂಡಲ್ಲೆಲ್ಲ ಎದೆ ಹಾರ್ತಿತ್ತು. (ಭಾಷೆಯ ಕಾಲಂ ಆ ತಖ್ತೆಯಲ್ಲಿ ಇರಲಿಲ್ಲ. ಅಂವ ಕನ್ನಡದಾಂವೋ ಮರಾಠಿಯಾಂವೋ ಅಂತ ಗಡಿ ಹೋರಾಟದ ಗೆಳೆಯರು ನನ್ನನ್ನು ಕೇಳಬೇಡ್ರಿ. ಖಾನಾಪುರದ ನಮ್ಮ ಕೇರಿಯಲ್ಲಿ ಬೈಗುಳ ಕನ್ನಡದಾಗ, ಅಳು ಮರಾಠಿಯಾಗ.)

2024ರ ಅಕ್ಟೋಬರ್ 3ಕ್ಕೆ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಬಂದದ್ದು ನೆನಪಿರಬಹುದು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚೋದು, ಅಡಿಗೆಗೆ ಮೇಲ್ಜಾತಿಯವರು, ಪಾಯಖಾನೆಗೆ ನಮ್ಮವರು, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಾ ಅಪರಾಧಿಗಳು ಅನ್ನೋದು, ಎಲ್ಲ ಸಂವಿಧಾನಬಾಹಿರ ಅಂತ ಕೋರ್ಟು ಹೇಳಿತು. ಕೈದಿಗಳ ರಜಿಸ್ಟರಿನಲ್ಲಿ ಜಾತಿಯ ಕಾಲಂ ತೆಗೆದು ಹಾಕ್ರಿ ಅಂತಲೂ ಆದೇಶ ಮಾಡಿತು. ಅವತ್ತು ನಾವು ಸಿಹಿ ಹಂಚಿದೆವು. 1923ರಿಂದ ಇರೋ ನಮ್ಮ ಹಿಂಡಲಗಾ ಜೈಲಿನ ರಜಿಸ್ಟರಿನಿಂದಲೂ ಆ ಕಾಲಂ ಹೋಗಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಮಲಗಿದಾಗ ನನಗೆ ಆ ಹಳೇ ತಖ್ತೆ ನೆನಪಾಯ್ತು. ಅವನನ್ನು ತುಳಿದ ಕಾಲಂ ಅದು, ಅವನ ಕಡೆಗೆ ಹೋಗೋಕೆ ನನಗೆ ಇರೋ ಒಂದೇ ಹಗ್ಗವೂ ಅದೇ. ಈ ಎರಡನ್ನು ಹೆಂಗೆ ಕೂಡಿಸಬೇಕೋ ನನಗೆ ಇನ್ನೂ ತಿಳಿದಿಲ್ಲ.

ಸಿಕ್ಕನಾ? ಇಲ್ಲ. ಹೆಸರೇ ಇಲ್ಲದವನನ್ನು ಹೆಸರಿನ ಪಟ್ಟಿಯಲ್ಲಿ ಹುಡುಕೋದು ಅದು. ಬೆಳಗಾವಿ ಜಿಲ್ಲೆ, ನಮ್ಮ ಜಾತಿ, ಹದಿಹರೆಯ, ಎರಡನೇ ಕಳವು, ನಾಲ್ಕೂ ಕೂಡಿದ ಸಾಲು ಆ ಮೂರು ದಿನದಲ್ಲಿ ನನಗೆ ಕಾಣಲಿಲ್ಲ. ಇನ್ನೂ ನೋಡದ ಸಂಪುಟಗಳು ಸಾಕಷ್ಟಿವೆ. ಅಂಡಮಾನಿನ ಕಡೆಯ ಕಾಗದ ಮಾತ್ರ 1942ರಿಂದ 45ರವರೆಗಿನ ಜಪಾನೀಯರ ಆಳ್ವಿಕೆಯಲ್ಲಿ ಬಹಳಷ್ಟು ಹಾಳಾದವು.

ಪ್ರತಿ ಜನವರಿ 26ಕ್ಕೆ ನಾವು ಗೆಳೆಯರು ನಂದಗಡಕ್ಕೆ ಹೋಗ್ತೀವಿ. 1831ರಲ್ಲಿ ಅದೇ ತಾರೀಖಿಗೆ ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ಗಲ್ಲಿಗೇರಿಸಿದರು, ನಮ್ಮ ಖಾನಾಪುರ ತಾಲೂಕೇ. ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಹಚ್ಚಿದ, ಖಜಾನೆ ಲೂಟಿ ಮಾಡಿದ ರಾಯಣ್ಣನೂ ಕಂಪನಿಯ ಲೆಕ್ಕದಲ್ಲಿ ಲೂಟಿಕೋರನೇ. ನಾವು ಅವರ ಲೆಕ್ಕ ಒಪ್ಪಲಿಲ್ಲ. ಆಲದ ಮರದ ಕೆಳಗೆ ನಿಂತು ಕೈ ಮುಗೀತೀವಿ, ಸರಿ. ಆದರೆ ಅದೇ ಸರ್ಕಾರ ಅದೇ ಮಣ್ಣಿನ ಒಬ್ಬ ಹುಡುಗನಿಗೆ ಕಳ್ಳ ಅಂತ ಬರೆದದ್ದನ್ನು ಮಾತ್ರ ನಾವೇ ಒಪ್ಪಿಕೊಂಡು ಬಾಯಿ ಮುಚ್ಚಿಕೊಂಡಿದ್ದೀವಿ. ಅವನು ದಂಗೆ ಏಳಲಿಲ್ಲ, ಘೋಷಣೆ ಕೂಗಲಿಲ್ಲ, ಹಸಿದು ಭತ್ತ ತಂದ. ಅವನನ್ನು ಸ್ವಾತಂತ್ರ್ಯ ಹೋರಾಟಗಾರ ಮಾಡಿ ಅಂತ ನಾನು ಕೇಳ್ತಾ ಇಲ್ಲ. ಅಂಥ ಸುಳ್ಳು ನಮಗೆ ಬೇಡ. ಕಳ್ಳನಾಗಿಯೇ ಅವನು ನಮ್ಮವನು.

ಸೆಲ್ಯುಲರ್ ಜೈಲು ನೋಡಿ ಬಂದವರು ರಾಜಕೀಯ ಕೈದಿಗಳ ಹೆಸರು ಹೇಳ್ತಾರೆ. ಆ ಜೈಲು ಕಟ್ಟಿದ್ದೇ 1896ರಿಂದ 1906ರ ನಡುವೆ, ಕಟ್ಟಿದವರು ಕೈದಿಗಳೇ. 1858ರಿಂದ ಅಂಡಮಾನಿಗೆ ಹೋದವರು 80 ಸಾವಿರದಷ್ಟು ಅಂತ ಇತಿಹಾಸಕಾರರ ಅಂದಾಜು. ಅದರಲ್ಲಿ ಗೋಡೆ ಮೇಲೆ ಹೆಸರು ಬಿದ್ದವರು ಕೆಲವು ನೂರು. ಆಸ್ಟ್ರೇಲಿಯಾದ ಕಡೆ ನೋಡ್ರಿ. 1788ರಿಂದ 1868ರವರೆಗೆ ಬ್ರಿಟನ್ ಅಲ್ಲಿಗೆ 1,60,000ಕ್ಕೂ ಹೆಚ್ಚು ಕೈದಿಗಳನ್ನು ಸಾಗಿಸಿತು, ಹೆಚ್ಚಿನವರು ಸಣ್ಣ ಪುಟ್ಟ ಕಳವಿನವರು. ಮೊದಲು ಅವರೂ ಮುಚ್ಚಿಟ್ಟರು. ಈಗ ಕರವಸ್ತ್ರ ಕದ್ದ ಮುತ್ತಜ್ಜನ ಹೆಸರನ್ನು ಎದೆ ಉಬ್ಬಿಸಿ ಹೇಳ್ತಾರೆ, ಕೈದಿಗಳಿದ್ದ ಜಾಗಗಳು 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಅವರಿಗೆ ಅದು ಸಾಧ್ಯ ಆಯ್ತು, ಯಾಕಂದ್ರೆ ಕಳ್ಳತನ ಅವರ ಮುತ್ತಜ್ಜನೊಬ್ಬನ ಕೆಲಸ ಆಗಿತ್ತು. ನಮ್ಮಲ್ಲಿ ಅದನ್ನು ಇಡೀ ಕೇರಿಯ ಹುಟ್ಟುಗುಣ ಮಾಡಿದರು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಮಾಡಿದ್ದು ಅದನ್ನೇ. ಹುಬ್ಬಳ್ಳಿ, ಗದಗಿನಲ್ಲಿ ಸೆಟ್ಲಮೆಂಟ್ ಅನ್ನೋ ಓಣಿಗಳ ಹೆಸರು ಇವತ್ತಿಗೂ ಉಳಿದಿದೆ, ಮುಳ್ಳುತಂತಿಯ ಒಳಗೆ ಹಾಜರಿ ಹೇಳಿಸ್ತಿದ್ದ ಜಾಗ. 1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯ್ತು, ಕಂಪಾಸ್ ಪೆಟ್ಟಿಗೆ ಕಳೆದಾಗ ಯಾರನ್ನು ನಿಲ್ಲಿಸಬೇಕು ಅನ್ನೋ ಕಾಯ್ದೆ ಹೋಗಲಿಲ್ಲ.

ಹೊಸ ನ್ಯಾಯ ಸಂಹಿತೆ ಬಂದೈತಲ್ಲ, ಅದರ 303ನೇ ಕಲಂನಲ್ಲಿ ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ, ವಸ್ತು ತಿರುಗಿ ಕೊಟ್ಟರೆ, ಸಮುದಾಯ ಸೇವೆ ಸಾಕು ಅಂತಾರೆ. ಒಂದೂವರೆ ಶತಮಾನ ತಡ.

ಒಮ್ಮೊಮ್ಮೆ ಅಂವ ಅಲ್ಲಿ ಬದುಕಿದ್ದರೆ ಏನಾದ ಅಂತ ವಿಚಾರ ಮಾಡ್ತೀನಿ. ಮೊದಲ ವರ್ಷಗಳಲ್ಲಿ ಜ್ವರ, ಭೇದಿಗೆ ಸತ್ತವರೇ ಬಹಳ. ಉಳಿದವರಿಗೆ ಕೆಲವು ವರ್ಷ ಗೇದ ಮೇಲೆ ತುಂಡು ಭೂಮಿ, ಹೆಣ್ಣು ಕೈದಿಗಳ ಜೊತೆ ಮದುವೆಗೆ ಪರವಾನಗಿ ಸಿಗ್ತಿತ್ತು. ಅವರ ಮಕ್ಕಳು ಮೊಮ್ಮಕ್ಕಳಿಗೆ ಅಲ್ಲಿ ಲೋಕಲ್ ಬಾರ್ನ್ ಅಂತಾರೆ. ಜಾತಿ, ಪ್ರಾಂತ, ಒಮ್ಮೊಮ್ಮೆ ಧರ್ಮವನ್ನೂ ದಾಟಿದ ಮದುವೆಗಳು, ಮನೆಯಲ್ಲಿ ಹಿಂದೂಸ್ತಾನಿ. ಜಾತಿ ವಿನಾಶ ಅಲ್ಲೇ ಆಯ್ತು ನೋಡ್ರಿ ಅಂತ ಕೆಲವು ಗೆಳೆಯರು ಕುಣೀತಾರೆ. ನಾನು ಅಷ್ಟು ಕುಣಿಯೋದಿಲ್ಲ. ಹೆಣ್ಣು ಕೈದಿಗಳು ಬಹಳ ಕಡಿಮೆ ಇದ್ದರು, ಅವರನ್ನು ಯಾರೂ ಮನಸ್ಸು ಏನು ಅಂತ ಕೇಳಲಿಲ್ಲ, ಸಾಲಾಗಿ ನಿಲ್ಲಿಸಿ ಆರಿಸಿದರು. ಆದರೂ ಆ ದ್ವೀಪದ ಯಾವುದೋ ಓಣಿಯಲ್ಲಿ ತಮ್ಮ ಜಾತಿ ಯಾವುದು ಅಂತಲೇ ಗೊತ್ತಿಲ್ಲದ ನನ್ನ ಅಣ್ಣತಮ್ಮಂದಿರು ಇರಬಹುದು ಅಂದಾಗ ಮನಸ್ಸಿಗೆ ಏನೋ ಆಗ್ತದೆ.

ಡ್ರಾಫ್ಟ್ ಅತ್ತಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ, "ನಿಮ್ಮಾಯಿ ಆ ಎಡಿಗೆ ಉಪ್ಪು ಹಾಕತಿರಲಿಲ್ಲ, ನೋಡಿದ್ದಿಯೇನು?" ಅಂದಳು. ನಾನು ನೋಡಿರಲಿಲ್ಲ. "ಯಾಕ" ಅಂದೆ. "ಅಲ್ಲಿ ಅವಗ ಉಪ್ಪು ನೀರ ಸಾಕಷ್ಟ ಐತಿ ಅಂತಿದ್ಲು."

ಗೆಳೆಯರಲ್ಲಿ ಒಂದು ಮಾತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಕಡೆಯ ನಿಮ್ಮ ಮನೆಗಳಲ್ಲಿ "ನೀರಾಚೆ ಹೋದ", "ಕಾಳೇಪಾಣಿಗೆ ಹೋದ", ಇಲ್ಲಾ "ಹಡಗ ಹತ್ತಿಸಿದರು" ಅನ್ನೋ ಮಾತು ಇದ್ದರೆ ಹಿರಿಯರು ಇರೋದರೊಳಗೆ ಕೇಳ್ರಿ. ಊರು, ಮನೆತನದ ಅಡ್ಡಹೆಸರು, ಅವರ ಅಪ್ಪನ ಹೆಸರು, ಯಾವ ಬರ ಅಥವಾ ಯಾವ ರೋಗ ಬಂದ ವರ್ಷ, ಮೈಮೇಲೆ ಹಚ್ಚೆ ಏನಾದರೂ ಇತ್ತಾ, ಇಷ್ಟು ಬರೆದಿಟ್ಟುಕೊಳ್ರಿ. ಕಾಮೆಂಟಿನಲ್ಲಿ ಹಾಕೋಕೆ ಮುಜುಗರ ಆದರೆ ಇನ್‌ಬಾಕ್ಸಿಗೆ ಬರ್ರಿ. ಡಿಸೆಂಬರಿನಲ್ಲಿ ನನಗೆ ನಾಲ್ಕು ಸಿ.ಎಲ್. ಉಳಿದಾವೆ, ಮತ್ತೆ ಮುಂಬಯಿಗೆ ಹೊರಟಿದ್ದೀನಿ. ನಿಮ್ಮವರನ್ನೂ ಹುಡುಕ್ತೀನಿ.